ಮೂವತ್ತು ಮಿಲಿಮೀಟರಿನ ನಾಸ್ತಿಕತೆ

ವಾದದಲ್ಲಿ ಸೋತವರನ್ನು ಸಮಾಧಾನ ಮಾಡಲು ಹತ್ತು ಜನ ಬರುತ್ತಾರೆ. ಗೆದ್ದವರ ಪಾಡು ಕೇಳುವವರಿಲ್ಲ. ಸೋತವರು ಮನೆಗೆ ಹೋಗಿ ಉಂಡು ಮಲಗಬಹುದು. ಗೆದ್ದವರು ಮರುದಿನ ಬೆಳಿಗ್ಗೆ ಎದ್ದು ತಾವು ಗೆದ್ದುಕೊಂಡದ್ದನ್ನು ಮಾಡಿ ತೋರಿಸಬೇಕು. ಇದು ನನಗೆ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಗೊತ್ತಾಗಲೇ ಇಲ್ಲ. ಅಲ್ಲಿ ನಾಣ್ಯ ಚಿಮ್ಮಿ ಯಾವ ಪಕ್ಷ ಬಂತೋ ಆ ಪಕ್ಷದ ಪರವಾಗಿ ಏಳು ನಿಮಿಷ ಜೀವ ಬಿಟ್ಟು ಮಾತಾಡುವುದು, ಗೆದ್ದರೆ ಒಂದು ಕಪ್ಪು, ಸೋತರೆ ಒಂದು ಸಮೋಸ, ಎರಡರಲ್ಲಿ ಯಾವುದಾದರೂ ಅದೇ ಬಸ್ಸಿನಲ್ಲಿ ಮನೆ. ಮರಣದಂಡನೆ ರದ್ದಾಗಬೇಕೆಂದು ನಾನು ಎರಡು ಸಲ ಗೆದ್ದಿದ್ದೇನೆ, ಇರಲೇಬೇಕೆಂದು ಮೂರು ಸಲ. ಯಾರ ಕುತ್ತಿಗೆಗೂ ಏನೂ ಆಗಲಿಲ್ಲ. ಆಮೇಲೆ ಒಂದು ಭಾನುವಾರ, ನೈರೋಬಿಯ ಹೈರಿಡ್ಜಿನ ನಮ್ಮ ಮನೆಯ ಊಟದ ಮೇಜಿನ ಮುಂದೆ, ಅಪ್ಪನ ಜೊತೆ ವಾದ ಮಾಡಿ ಗೆದ್ದೆ. ಅಂದಿನಿಂದ ಸುಸ್ತಾಗಿದ್ದೇನೆ.

ಅಪ್ಪ ಇಲ್ಲಿ ನೀರಿನ ಟ್ಯಾಂಕು ಮಾಡುವ ಒಂದು ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರು. ಮೈಸೂರಿನಿಂದ ನಮ್ಮನ್ನು ಕಟ್ಟಿಕೊಂಡು ನೈರೋಬಿಗೆ ಬಂದಾಗ ನನಗೆ ಹನ್ನೊಂದು ವರ್ಷ. ಇಲ್ಲಿ ಬೆಳೆದ ನಮ್ಮವರ ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನನ್ನ ಕನ್ನಡ ಉಳಿದುಕೊಂಡಿರುವುದು ಭಾಷಾಪ್ರೇಮದಿಂದೇನೂ ಅಲ್ಲ. ಅಮ್ಮನಿಗೆ ಇಂಗ್ಲಿಷಿನಲ್ಲಿ ಎದುರುತ್ತರ ಕೊಟ್ಟರೆ ಆಕೆ ಕೇಳಿಸದವಳಂತೆ ಒಗ್ಗರಣೆ ಹಾಕುತ್ತಿರುತ್ತಾಳೆ. ಜಗಳ ಆಡಬೇಕೆಂದರೆ ಕನ್ನಡವೇ ಗತಿ. ಹೀಗೆ ಎರಡು ಭಾಷೆಗಳಲ್ಲಿ ತಯಾರಾದ ನನ್ನನ್ನು ನೋಡಿ ಇವಳು ಲಾಯರಾಗುತ್ತಾಳೆಂದು ಎಲ್ಲರೂ ತೀರ್ಮಾನಿಸಿದ್ದರು. ಬೇರೆಯವರು ತೀರ್ಮಾನಿಸಿದ್ದನ್ನು ವಿರೋಧಿಸುವುದು ನನ್ನ ತರಬೇತಿ. ನಾನು ಎಂಜಿನಿಯರಿಂಗ್ ಎಂದೆ. ಅಪ್ಪನಿಗೆ ಒಳಗೊಳಗೇ ಖುಷಿಯಾಗಿ, ನಾಲ್ಕೈದು ವರ್ಷದ ಡಿಗ್ರಿಗಳ ಹೆಸರು ಹೇಳತೊಡಗಿದರು. ನಾನು ಎರಡು ವರ್ಷದ ಡಿಪ್ಲೊಮಾ ಸಾಕು ಎಂದೆ. ಅಪ್ಪ ಊಟ ನಿಲ್ಲಿಸಿದರು.

ನನ್ನ ವಾದ ಚೆನ್ನಾಗಿಯೇ ಇತ್ತು, ಈಗಲೂ ಅದರಲ್ಲಿ ತಪ್ಪು ಹುಡುಕಲು ಆಗಿಲ್ಲ. ನಿಮ್ಮ ಕಾರ್ಖಾನೆಯಲ್ಲಿ ಮೋಟಾರು ನಿಂತಾಗ ಡಿಗ್ರಿಯವರು ಏನು ಮಾಡುತ್ತಾರೆ ಎಂದು ಕೇಳಿದೆ. ಫಿಟ್ಟರನ್ನು ಕರೆಯುತ್ತಾರೆ ಎಂದು ಅಪ್ಪನೇ ದಿನಾ ಸಂಜೆ ಶೂ ಬಿಚ್ಚುತ್ತಾ ಗೊಣಗುವುದು. ಹಾಗಿದ್ದ ಮೇಲೆ ಕರೆಯುವವಳಾಗುವುದಕ್ಕಿಂತ ಕರೆಸಿಕೊಳ್ಳುವವಳಾಗುವುದು ಮೇಲಲ್ಲವೇ? ಎದುರಾಳಿಯ ಮಾತನ್ನೇ ಎದುರಾಳಿಯ ಮೇಲೆ ತಿರುಗಿಸುವ ಈ ಪಟ್ಟಿಗೆ ತೀರ್ಪುಗಾರರು ಬಹಳ ಅಂಕ ಕೊಡುತ್ತಿದ್ದರು. ಅಪ್ಪ ಅಂಕ ಕೊಡಲಿಲ್ಲ. ಮೊಸರನ್ನ ಕಲಸಿದ ಬೆರಳುಗಳನ್ನೇ ನೋಡುತ್ತಾ, "ಸರಿಯಮ್ಮ, ನಿನ್ನಿಷ್ಟ" ಅಂದರು. ಆ ದನಿಯನ್ನು ನಾನು ಗೆಲುವು ಎಂದು ತಿಳಿದೆ. ಆಮೇಲೆ ಲೊರೆಶೋದ ಕಡೆ ನಮ್ಮವರ ಮನೆಗಳಿಗೆ ಊಟಕ್ಕೆ ಹೋದಾಗಲೆಲ್ಲ, ಏನು ಓದುತ್ತಿದ್ದೀಯಮ್ಮ ಎಂದು ಕೇಳಿದವರು ಎರಡು ವರ್ಷ ಎಂದಕೂಡಲೇ "ಆಮೇಲೆ?" ಎನ್ನುತ್ತಿದ್ದರು. ಆಮೇಲೆ ಏನೂ ಇಲ್ಲ, ಅಷ್ಟೇ ಎಂದರೆ, ಪಾಪ ಏನಾಯಿತೋ ಎಂಬಂತೆ ನನ್ನನ್ನು ಬಿಟ್ಟು ಅಪ್ಪನನ್ನು ನೋಡುತ್ತಿದ್ದರು. ಅಪ್ಪ ಆಗ ಪಲ್ಯ ಬಡಿಸಿಕೊಳ್ಳುತ್ತಿರುತ್ತಿದ್ದರು. ಒಂದೇ ಊಟದಲ್ಲಿ ಅವರು ನಾಲ್ಕು ಸಲ ಪಲ್ಯ ಬಡಿಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಇದು ಬೇರೆ ಗತಿಯಿಲ್ಲದೆ ಬಂದದ್ದಲ್ಲ, ಆರಿಸಿಕೊಂಡದ್ದು ಎಂದು ಇವರೆಲ್ಲರಿಗೂ ತೋರಿಸಬೇಕಿತ್ತು. ದೊಡ್ಡ ದೊಡ್ಡ ಯಂತ್ರಗಳ ಮುಂದೆ ನಿಂತಿರುವ ನನ್ನ ಫೋಟೋ ಒಂದನ್ನು ಮನಸ್ಸಿನಲ್ಲೇ ತೆಗೆದಿಟ್ಟಿದ್ದೆ. ಕಾಲೇಜಿಗೆ ಹೋದ ಮೊದಲ ವಾರ ನನ್ನ ಕೈಗೆ ಕೊಟ್ಟದ್ದು ಒಂದು ಅರ. ಹೌದು, ಕಬ್ಬಿಣ ಉಜ್ಜುವ ಅರ. ಜೊತೆಗೆ ಒಂದು ಉಕ್ಕಿನ ತುಂಡು. ಅದನ್ನು ಬೆಂಚಿನ ಮೇಲಿನ ಇಕ್ಕಳದಂಥ ವೈಸಿಗೆ ಬಿಗಿದು, ನಾಲ್ಕೂ ಬದಿ ಉಜ್ಜಿ, ಸರಿಯಾಗಿ ಮೂವತ್ತು ಮಿಲಿಮೀಟರಿನ ಚೌಕ ಮಾಡಬೇಕು. ಯಂತ್ರ ಒಂದೇ ನಿಮಿಷದಲ್ಲಿ ಮಾಡುವುದನ್ನು ಮನುಷ್ಯರು ಆರು ವಾರ ಯಾಕೆ ಮಾಡಬೇಕೆಂದು ನಾನು ಕೇಳಿದೆ. ನಮ್ಮ ವರ್ಕ್‌ಶಾಪಿನ ಮೇಷ್ಟ್ರನ್ನು ಇಲ್ಲಿಯವರ ಹಾಗೆ ನಾವೆಲ್ಲ ಮ್ವಾಲಿಮು ಎಂದೇ ಕರೆಯುವುದು. ನಿವೃತ್ತಿಗೆ ಹತ್ತಿರವಾದವರು, ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಮೂಲೆಮಟ್ಟ. ಅವರು ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಅಭ್ಯಾಸವೇ ಅವರಿಗಿಲ್ಲ ಎಂದು ಆಮೇಲೆ ತಿಳಿಯಿತು. ತುಂಡನ್ನು ಕೊಂಡುಹೋದರೆ ಆ ಮಟ್ಟವನ್ನು ಅದರ ಮೂಲೆಗೆ ಹಿಡಿದು, ಎರಡನ್ನೂ ಕಿಟಕಿಯ ಕಡೆ ಎತ್ತುತ್ತಾರೆ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ, "ಬೆಳಕು ಬರ್ತಿದೆ" ಎನ್ನುತ್ತಾರೆ. ಆಮೇಲೆ "ರುದಿಯಾ." ಅಂದರೆ, ಮತ್ತೆ ಮಾಡು.

ಆರು ವಾರ ನಾನು ಆ ಬೆಳಕಿನ ಮೇಲೆ ವಾದ ಮಾಡಿದೆ. ಇಷ್ಟು ಬೆಳಕಿದ್ದರೆ ಯಾವ ಯಂತ್ರ ನಿಂತುಹೋಗುತ್ತದೆ ಎಂದೆ. ನಿಮ್ಮ ಮೂಲೆಮಟ್ಟವೇ ಸರಿಯಿದೆ ಎಂಬುದಕ್ಕೆ ಏನು ಪ್ರಮಾಣ ಎಂದೆ. ಪೂರ್ತಿ ಚಪ್ಪಟೆಯೆಂಬುದು ಜಗತ್ತಿನಲ್ಲಿ ಇಲ್ಲವೇ ಇಲ್ಲ, ಇರುವುದು ಅಂದಾಜು ಮಾತ್ರ ಎಂದೂ ಹೇಳಿದೆ. ಮಾತು ಮುಗಿಯುವ ತನಕ ಅವರು ನಿಂತು ಕೇಳುತ್ತಿದ್ದರು, ಅದೇ ದೊಡ್ಡ ಹಿಂಸೆ. ಕೇಳಿ, ತುಂಡನ್ನು ಮತ್ತೆ ಕಿಟಕಿಯ ಕಡೆ ಎತ್ತುತ್ತಿದ್ದರು. ಬೆಳಕು ನನ್ನ ಮಾತು ಕೇಳಿಸಿಕೊಂಡಿರುತ್ತಿರಲಿಲ್ಲ. ಅಲ್ಲಿ ಸೋಮವಾರ ಕೆಲಸ ಶುರುವಾಗುವ ಮೊದಲು ಒಬ್ಬ ವಿದ್ಯಾರ್ಥಿ ಪ್ರಾರ್ಥನೆ ಹೇಳುವ ಪದ್ಧತಿಯಿದೆ. ಪ್ರಾರ್ಥನೆಯಿಂದ ಅರ ನೇರ ಹೋಗುತ್ತದೆಯೇ ಎಂದು ನಾನು ಅದರ ಮೇಲೂ ಒಂದು ಗಂಟೆ ವಾದ ಮಾಡಿದ್ದೆ. ಕಣ್ಣು ಮುಚ್ಚುವುದು ಬಿಡುವುದು ನಿನಗೆ ಬಿಟ್ಟದ್ದು, ಕನ್ನಡಕ ಮಾತ್ರ ಹಾಕಿಕೊ ಎಂದು ಮ್ವಾಲಿಮು ರಕ್ಷಣೆಯ ಗಾಜಿನ ಕನ್ನಡಕ ಕೊಟ್ಟು ಹೋದರು.

ನನ್ನ ಪಕ್ಕದ ವೈಸು ಅತಿಯೆನೊಳದು. ಕಿಸುಮು ಕಡೆಯ ಹುಡುಗಿ, ಮಾತು ಕಡಿಮೆ, ಕೈ ನೇರ. ಈ ಕೆಲಸ ಜೋಡಿಯಲ್ಲಿ ಮಾಡುವಂಥದ್ದು: ನನ್ನದು ಚೌಕದ ತುಂಡು, ಅವಳದು ನಡುವೆ ಅದೇ ಅಳತೆಯ ಚೌಕ ತೂತಿರುವ ಪ್ಲೇಟು. ತುಂಡನ್ನು ಹೇಗೆ ತಿರುಗಿಸಿ ಇಟ್ಟರೂ ಹೆಬ್ಬೆರಳಿನಿಂದ ಒತ್ತಿದರೆ ತೂತಿನೊಳಗೆ ಕೂರಬೇಕು, ತಾನಾಗಿ ಬೀಳಕೂಡದು. ಅಂಕ ಇಬ್ಬರಿಗೂ ಒಂದೇ. ಸೋಮವಾರ ಪರೀಕ್ಷೆ, ಪಾಸಾದರೆ ಪುಸ್ತಕಕ್ಕೆ ಮ್ವಾಲಿಮು ಸಹಿ, ಸಹಿಯಿದ್ದರೆ ಯಾವುದಾದರೂ ಕಾರ್ಖಾನೆಯಲ್ಲಿ ಮೂರು ತಿಂಗಳ ತರಬೇತಿ. ಅತಿಯೆನೊಗೆ ಲಿಮುರುವಿನ ಒಂದು ಹಾಲಿನ ಕಾರ್ಖಾನೆ ಒಪ್ಪಿಕೊಂಡಿತ್ತು, ಮಂಗಳವಾರದೊಳಗೆ ಸಹಿಯಾದ ಪುಸ್ತಕ ತೋರಿಸಬೇಕಿತ್ತು. ತಪ್ಪಿದರೆ ಅವಳ ಜಾಗ ಬೇರೆಯವರಿಗೆ, ಅವಳು ಇನ್ನೊಂದು ಅವಧಿ ಕಾಲೇಜಿನಲ್ಲೇ. ಪರೀಕ್ಷೆಗೆ ಆರು ದಿನ ಮೊದಲಿನ ಮಂಗಳವಾರ ಸಂಜೆಗೆ ಹೇಗೋ ನನ್ನ ತುಂಡು ಅವಳ ತೂತಿನಲ್ಲಿ ಕೂತಿತು. ವರ್ಕ್‌ಶಾಪಿನ ಬೀರುಗಳಿಗೆ ಬೀಗ ನಿಲ್ಲುವುದಿಲ್ಲ, ಬೇರೆಯವರ ತುಂಡು ಎತ್ತಿಕೊಂಡು ನಂಬರು ಅಳಿಸಿದ ಕಥೆಗಳಿದ್ದವು. ಅದಕ್ಕೆ ತಂತಮ್ಮದನ್ನು ಮನೆಗೊಯ್ಯುವುದೆಂದು ಮಾತಾಯಿತು. ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡುತ್ತಾ ಅತಿಯೆನೊ, ಗುರುವಾರದ ತನಕ ಇದನ್ನು ಬಿಚ್ಚಲೇಬೇಡ ಎಂದಳು. ಯಾಕೆ ಎಂದು ಅಭ್ಯಾಸಬಲದಿಂದ ಕೇಳಿದೆ. ಅವಳು ಮಟಾಟು ವ್ಯಾನು ಹತ್ತಿ ಹೋದಳು.

ಬುಧವಾರ ನಮಗೆ ವರ್ಕ್‌ಶಾಪಿಲ್ಲ, ಮನೆಯಲ್ಲಿ ಆಯುಧಪೂಜೆ. ನೈರೋಬಿಯಲ್ಲಿ ಆಯುಧಪೂಜೆಯೆಂದರೆ ಅಪ್ಪ ಲ್ಯಾಪ್‌ಟಾಪು, ಸ್ಪ್ಯಾನರುಗಳ ಡಬ್ಬಿ, ಅಮ್ಮನ ಮಿಕ್ಸಿ, ಈಳಿಗೆಮಣೆ, ಗ್ಯಾಸಿನ ಲೈಟರು ಎಲ್ಲವನ್ನೂ ದೇವರಮನೆಯ ಮುಂದೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಇಡುವುದು. ಕಾರಿನ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು. ಬೂದುಗುಂಬಳ ಸಿಕ್ಕದ ವರ್ಷ ಪಪ್ಪಾಯಿ ಒಡೆದದ್ದೂ ಉಂಟು. ಗೇಟಿನ ಕಾವಲಿನ ಅಸ್ಕಾರಿ ಮೊದಲ ವರ್ಷ ಆ ಕುಂಕುಮದ ಕೆಂಪು ನೋಡಿ ಓಡಿ ಬಂದಿದ್ದ. ಈಗ ಅವನೇ ಪೊರಕೆ ಹಿಡಿದು ನಿಂತಿರುತ್ತಾನೆ. ಬೆಳಿಗ್ಗೆ ಅಮ್ಮ ನಿನ್ನ ಕಾಲೇಜಿನದು ಏನಾದರೂ ಇದ್ದರೆ ತಂದಿಡು ಎಂದಳು. ಅಷ್ಟು ಸಾಕಾಯಿತು. ಅರಕ್ಕೆ ಬೇಕಾದದ್ದು ಹೂವಲ್ಲ, ತಂತಿಬ್ರಷ್ಷು. ಯಂತ್ರ ನಡೆಯುವುದು ಎಣ್ಣೆಯಿಂದ, ಮಂಗಳಾರತಿಯಿಂದಲ್ಲ. ಪೂಜೆ ಮಾಡಿದ ಕಾರು ಮಾಡದ ಕಾರಿಗಿಂತ ಕಡಿಮೆ ಕೆಡುತ್ತದೆಯೆಂದು ಯಾರಾದರೂ ಲೆಕ್ಕ ಇಟ್ಟಿದ್ದಾರೆಯೇ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಮುಕ್ಕಾಲು ಗಂಟೆ ಮಾತಾಡಿದೆ. ಅಮ್ಮ ಪೂರ್ತಿ ಕೇಳಿ, "ಆಯ್ತು ಕಣೆ, ಈ ಕೊತ್ತಂಬರಿ ಬಿಡಿಸಿಕೊಡು" ಎಂದಳು. ಬಿಡಿಸಿಕೊಟ್ಟೆ.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಅಮ್ಮ ಸ್ನಾನಕ್ಕೆ ಹೋದಳು, ಅಪ್ಪ ನಿಂಬೆಹಣ್ಣು ಹಿಡಿದು ಕೆಳಗಿಳಿದರು. ನಾನು ಬ್ಯಾಗಿನಿಂದ ಆ ತುಂಡನ್ನು ತೆಗೆದೆ. ನನಗೆ ನಂಬಿಕೆ ಬಂದಿತ್ತೆಂದಲ್ಲ. ಆರು ವಾರ ಒಂದು ಕಿಟಕಿಯಲ್ಲಿ ಅದೇ ಬೆಳಕನ್ನು ನೋಡಿದವರಿಗೆ ಮಾತ್ರ ಇದು ಅರ್ಥವಾದೀತು: ಇಟ್ಟರೆ ನಷ್ಟವೇನು ಎಂದು ಒಂದು ಪಕ್ಷ ಕೇಳಿತು, ನನ್ನ ತಲೆಯೊಳಗಿನ ಇನ್ನೊಂದು ಪಕ್ಷ ಎದ್ದು ನಿಲ್ಲಲೇ ಇಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಎಣ್ಣೆ ಮೆತ್ತಿದ, ವರ್ಕ್‌ಶಾಪಿನ ವಾಸನೆಯ ವಸ್ತುವನ್ನು ದೇವರ ಮುಂದೆ ಹಾಗೇ ಇಡುವುದು ಸರಿಯಲ್ಲ ಎಂದು ಈ ನಾಸ್ತಿಕಳಿಗೆ ಅನ್ನಿಸಿತು. ಪಾತ್ರೆ ತೊಳೆಯುವ ಸೋಪು ಹಾಕಿ, ಬಿಸಿನೀರಿನಲ್ಲಿ ಅದನ್ನು ಫಳಫಳ ತೊಳೆದೆ. ಒರೆಸಿ, ಮಿಕ್ಸಿಯ ಹಿಂದೆ, ಯಾರಿಗೂ ಕಾಣದ ಹಾಗೆ ಇಟ್ಟೆ. ಪೂಜೆಯ ಹೊತ್ತಿಗೆ ನಾನು ಸೋಫಾದಲ್ಲಿ ಕಾಲು ಚಾಚಿ, ಇವೆಲ್ಲ ನನಗೆ ಸಂಬಂಧಪಟ್ಟದ್ದಲ್ಲ ಎಂಬಂತೆ ಫೋನು ನೋಡುತ್ತಿದ್ದೆ. ಪೂಜೆಗಿಟ್ಟದ್ದನ್ನು ಮಾರನೆಯ ದಿನ ಮಂಗಳಾರತಿಯ ತನಕ ಮುಟ್ಟುವ ಹಾಗಿಲ್ಲ. ಆ ನಿಯಮವನ್ನೂ ನಾನು ಬಾಯಿಮುಚ್ಚಿಕೊಂಡು ಪಾಲಿಸಿದೆ.

ಗುರುವಾರ ಬೆಳಿಗ್ಗೆ ಮಿಕ್ಸಿಯ ಹಿಂದೆ ಕೈ ಹಾಕಿದಾಗ ಬೆರಳಿಗೆ ಮೊದಲು ಸಿಕ್ಕಿದ್ದು ಚೆಂಡುಹೂವು. ತುಂಡಿನ ಮೇಲೆ ಧಾರಾಳವಾಗಿ ಅರಿಸಿನ ಕಲಸಿ ಬಳಿದಿತ್ತು, ಅದರ ಮೇಲೆ ನೀರಿನಲ್ಲಿ ಕಲಸಿದ ಕುಂಕುಮ, ಅದರ ಮೇಲೆ ಅಕ್ಷತೆ. ಒದ್ದೆ ಹೂವು ರಾತ್ರಿಯೆಲ್ಲ ಅದರ ಮೇಲೆ ಮಲಗಿತ್ತು. ಒರೆಸಿದರೆ ಅರಿಸಿನ ಹೋಯಿತು, ಕುಂಕುಮ ಹೋಯಿತು, ಕೆಳಗೆ ಕಂದು ಬಣ್ಣ ಉಳಿಯಿತು. ಎಣ್ಣೆಯಿಲ್ಲದ ಉಕ್ಕಿನ ಮೇಲೆ ಒಂದು ಹಗಲು ಒಂದು ರಾತ್ರಿ ನೀರು ನಿಂತರೆ ಏನಾಗುತ್ತದೆಂದು ಮೊದಲ ವಾರವೇ ನಾವು ಬರೆದುಕೊಂಡಿದ್ದೆವು, ಆ ಪುಟಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಕಾಲೇಜಿಗೆ ಬೇಗ ಹೋಗಿ ಎಮರಿ ಕಾಗದದಿಂದ ತಿಕ್ಕಿದೆ. ತುಕ್ಕು ಹೋಯಿತು. ತುಕ್ಕಿನ ಜೊತೆ ಅಳತೆಯೂ ಹೋಯಿತು.

ಹತ್ತು ಗಂಟೆಯ ಚಹಾದ ಹೊತ್ತಿಗೆ ಅತಿಯೆನೊ ಅದನ್ನು ತನ್ನ ಪ್ಲೇಟಿನ ತೂತಿನ ಮೇಲಿಟ್ಟಳು. ಅದು ಆಚೆ ಕಡೆಯಿಂದ ಬೆಂಚಿನ ಮೇಲೆ ಟಣ್ ಎಂದು ಬಿತ್ತು. ಅವಳು ಎತ್ತಿ ಮತ್ತೆ ಇಟ್ಟಳು. ಮತ್ತೆ ಬಿತ್ತು. ನಾನು ಮಟಾಟುವಿನಲ್ಲೇ ಮೂರು ವಾದ ತಯಾರು ಮಾಡಿಕೊಂಡು ಬಂದಿದ್ದೆ. ಮೊದಲನೆಯದು ಹವೆಯ ತೇವ. ನೈರೋಬಿಯಲ್ಲಿ, ಈ ಒಣ ಬಿಸಿಲಿನಲ್ಲಿ ಎಲ್ಲಿಯ ತೇವ ಎಂದು ಕೇಳಿ ಅವಳು ನನ್ನನ್ನೇ ನೋಡಿದಳು. ಅವಳ ಎದುರು ಚಹಾದ ಜೊತೆ ತಿನ್ನುವ ಕರಿದ ಮಂಡಾಜಿ ಆರುತ್ತಿತ್ತು, ಹಾಲಿನ ಕಾರ್ಖಾನೆಯ ಪತ್ರ ಅವಳ ಪುಸ್ತಕದಿಂದ ಅರ್ಧ ಹೊರಗೆ ಕಾಣುತ್ತಿತ್ತು. ಉಳಿದೆರಡು ವಾದ ಬಿಟ್ಟು, ಪೂಜೆ, ಸೋಪು, ಮಿಕ್ಸಿ ಎಲ್ಲವನ್ನೂ ಹೇಳಿಬಿಟ್ಟೆ.

"ನೀನು?" ಎಂದಳು ಅತಿಯೆನೊ. "ಪ್ರಾರ್ಥನೆ ಮಾಡುವವರನ್ನು ಒಂದು ಗಂಟೆ ನಿಲ್ಲಿಸಿಕೊಂಡವಳು?"

ನಾನೇ ಎಂದೆ.

"ನಿಮ್ಮ ದೇವರಿಗೆ ಎಣ್ಣೆಯ ಪದ್ಧತಿಯೇ ಇಲ್ಲವಾ?"

ಇದೆ, ದೀಪಕ್ಕೆ ಹಾಕುತ್ತೇವೆ ಎಂದೆ. ತುಂಡಿನಿಂದ ಒಂದು ಗೇಣು ದೂರದಲ್ಲಿ ರಾತ್ರಿಯಿಡೀ ಉರಿಯುತ್ತಿತ್ತು ಎಂದೂ ಸೇರಿಸಿದೆ. ಅವಳು ನಗುತ್ತಾಳೇನೋ ಎಂದುಕೊಂಡೆ. ಅವಳು ಮಂಡಾಜಿಯನ್ನು ಎರಡು ಮಾಡಿ ಅರ್ಧ ನನ್ನ ಕಡೆ ತಳ್ಳಿ, ಹೋಗಿ ಹೊಸ ತುಂಡು ಕೇಳು, ಶನಿವಾರ ಮಧ್ಯಾಹ್ನದ ತನಕ ವರ್ಕ್‌ಶಾಪಿನ ಬಾಗಿಲು ತೆಗೆದಿರುತ್ತದೆ ಎಂದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅರ್ಧ ಮಂಡಾಜಿಗೆ ಏನು ಉತ್ತರ ಕೊಡುವುದು?

ಮ್ವಾಲಿಮುವಿನ ಮುಂದೆ ಮಾತ್ರ ನನ್ನ ಹಳೆಯ ಚಾಳಿ ಮರಳಿತು. ತುಕ್ಕು ಕುಶಲತೆಯ ಕೊರತೆಯಲ್ಲ, ಪರಿಸರದ ಪರಿಣಾಮ. ಮಂಗಳವಾರ ತುಂಡು ಸರಿಯಿತ್ತೆಂಬುದಕ್ಕೆ ಸಾಕ್ಷಿಯಿದೆ. ಒಬ್ಬಳ ತಪ್ಪಿಗೆ ಜೋಡಿಯವಳ ಅಂಕ ಹೋಗುವುದು ನ್ಯಾಯವಲ್ಲ, ಹಾಗಾಗಿ ಅವಳಿಗಾದರೂ ಬೇರೆಯಾಗಿ ಅಂಕ ಕೊಡಬೇಕು ಎಂದು ಮಂಡಿಸಿದೆ. ಅವರು ಎಂದಿನಂತೆ ಪೂರ್ತಿ ಕೇಳಿದರು. ಆಮೇಲೆ ತುಂಡನ್ನು ಇಸಿದುಕೊಂಡು ಕಿಟಕಿಯ ಕಡೆ ಎತ್ತುವ ಬದಲು ಮೂಗಿನ ಹತ್ತಿರ ಹಿಡಿದರು. ಒಂದು ಮೂಲೆಯಲ್ಲಿ ಹಳದಿ ಉಳಿದಿತ್ತು.

"ಮಂಜಾನೊ," ಎಂದರು. ಅರಿಸಿನಕ್ಕೆ ಸ್ವಾಹಿಲಿಯಲ್ಲಿ ಹಾಗೆನ್ನುತ್ತಾರೆ. "ಇದನ್ನು ಸಾರಿಗೆ ಹಾಕಿದ್ದೆಯಾ?"

ಇಲ್ಲ ಮ್ವಾಲಿಮು ಎಂದೆ. ಅವರು ಉಗ್ರಾಣದ ಕೀಲಿ ತೆಗೆದು ಹೊಸ ತುಂಡೊಂದನ್ನು ನನ್ನ ಅಂಗೈಯಲ್ಲಿಟ್ಟರು. ಇಷ್ಟು ಮಾತಾಡಿದ ಹೊತ್ತಿನಲ್ಲಿ ಒಂದು ಬದಿಗೆ ಒರಟು ಅರ ಹಾಕಿ ಮುಗಿಸಬಹುದಿತ್ತು ಎಂದು ಹೇಳಿ, ಬಾಗಿಲು ಎಳೆದುಕೊಂಡರು.

ಎರಡೂವರೆ ದಿನ. ಆರು ವಾರದ ಕೆಲಸ. ನಾನು ಮೊದಲ ಬದಿ ಶುರು ಮಾಡಿ, ಈ ಪದ್ಧತಿ ಎಷ್ಟು ಅವೈಜ್ಞಾನಿಕ ಎಂದು ಬಾಯಿ ತೆರೆದಾಗ ಅತಿಯೆನೊ, ನೀನು ಮಾತಾಡುವಾಗ ನಿನ್ನ ಬಲಗೈ ಮೇಲೇಳುತ್ತದೆ ಎಂದಳು. ಆರು ವಾರದಿಂದ ನೋಡುತ್ತಿದ್ದಾಳಂತೆ. ಒಂದು ಅಂಶ ಮಂಡಿಸುವಾಗ ಒಂದು ಸಲ, ಎದುರು ಅಂಶ ಬರುವಾಗ ಇನ್ನೊಂದು ಸಲ. ಅದಕ್ಕೇ ನನ್ನ ತುಂಡಿನ ನಡು ಯಾವಾಗಲೂ ಉಬ್ಬಿಕೊಂಡು ಅಂಚು ತಗ್ಗಿರುತ್ತಿತ್ತು. ಮೊದಲೇ ಹೇಳಬಾರದಿತ್ತೇ ಎಂದರೆ, ಎಲ್ಲಿ ಹೇಳಲಿ, ನೀನು ಬಿಡುವು ಕೊಟ್ಟರೆ ತಾನೆ ಎಂದಳು. ಆಮೇಲೆ ಎರಡೂವರೆ ದಿನ ಬಾಯಿ ಮುಚ್ಚಿಕೊಂಡು ಉಜ್ಜಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಇನ್ನೊಂದು ಎದ್ದಿತು. ಸಂಜೆ ಮಟಾಟುವಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದೆ ಮೊಣಕೈ ಸಿಕ್ಕಿಸಿಕೊಂಡು ನಿಂತೆ. ಮನೆಯಲ್ಲಿ ಅನ್ನ ಕಲಸಲು ಚಮಚ ಕೇಳಿದಾಗ ಅಪ್ಪ ನನ್ನ ಕೈ ನೋಡಿದರು. ಡಿಗ್ರಿ ಎಂಬ ಮಾತು ಈಗ ಬರುತ್ತದೆ ಎಂದು ಕಾದೆ. ಅವರು ಎದ್ದು ಹೋಗಿ ಕಾರಿನಿಂದ ತಮ್ಮ ಚರ್ಮದ ಕೈಗವಸು ತಂದು ನನ್ನ ತಟ್ಟೆಯ ಪಕ್ಕ ಇಟ್ಟರು. ಅರ ಹಿಡಿಯುವಾಗ ಕೈಗವಸು ಹಾಕುವಂತಿಲ್ಲ ಎಂದು ಹೇಳಬೇಕಿತ್ತು. ಹೇಳದೆ ಬ್ಯಾಗಿಗೆ ಹಾಕಿಕೊಂಡೆ.

ಸೋಮವಾರ ಮ್ವಾಲಿಮು ನಮ್ಮ ಜೋಡಿಯನ್ನು ಕೈಗೆತ್ತಿಕೊಂಡರು. ಹೆಬ್ಬೆರಳಿನಿಂದ ಒತ್ತಿದರು, ಕೂತಿತು. ಕಿಟಕಿಯ ಕಡೆ ಎತ್ತಿದರು, ಕತ್ತಲೆ. ತೆಗೆದು ತಿರುಗಿಸಿ ಇಟ್ಟರು, ಕತ್ತಲೆ. ಮೂರನೆಯ ಸಲವೂ ಕತ್ತಲೆ. ನಾಲ್ಕನೆಯ ಸಲ ಒಂದು ಅಂಚಿನಲ್ಲಿ ಕೂದಲೆಳೆಯ ಅರ್ಧದಷ್ಟು ಬೆಳಕು ಹಾದುಬಂತು. ಅಷ್ಟು ದೂರದಿಂದಲೂ ನನಗೆ ಕಂಡಿತು. ಆ ಬೆಳಕನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯಬಲ್ಲೆ. ಪಕ್ಕದಲ್ಲಿ ಅತಿಯೆನೊ ಹಾಲಿನ ಕಾರ್ಖಾನೆಯ ಪತ್ರವನ್ನು ಇನ್ನೊಂದು ಸಲ ಮಡಿಸಿದಳು. ನನ್ನಲ್ಲಿ ಒಂದು ಒಳ್ಳೆಯ ವಾದವಿತ್ತು, ಇಡೀ ಅವಧಿಯ ಅತ್ಯುತ್ತಮ ವಾದ: ಮೂರು ಕಡೆ ಸರಿಯಾಗಿ ಕೂತ ತುಂಡು ನಾಲ್ಕನೆಯದರಲ್ಲಿ ಬೆಳಕು ಬಿಟ್ಟರೆ ತಪ್ಪು ತೂತಿನದೂ ಇರಬಹುದಲ್ಲ. ಇರಲೂಬಹುದಿತ್ತು. ಮ್ವಾಲಿಮು ಪ್ಲೇಟನ್ನು ಇಳಿಸಿ, ಎಂದಿನಂತೆ ಕೈಕಟ್ಟಿ ಕಾದರು. ಅವರು ಇನ್ನೂ ಕಾದರು. ಇಡೀ ತರಗತಿ ಕಾಯಿತು.

"ಏನೂ ಹೇಳುವುದಿಲ್ಲವಾ?" ಎಂದರು.

"ಬೆಳಕು ಬರ್ತಿದೆ, ಮ್ವಾಲಿಮು," ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಸವಾ" ಎಂದು, ಅಂದರೆ ಸರಿ ಎಂದು, ಪೆನ್ನು ತೆಗೆದು ಎರಡೂ ಪುಸ್ತಕಕ್ಕೆ ಸಹಿ ಹಾಕಿದರು. ಅಂಕ ನೂರಕ್ಕೆ ಅರವತ್ತೆರಡು. ಅತಿಯೆನೊ ಅಂದೇ ಮಧ್ಯಾಹ್ನ ಲಿಮುರುವಿನ ಮಟಾಟು ಹತ್ತಿದಳು. ಹತ್ತುವ ಮೊದಲು, ಮುಂದಿನ ಸಲ ನಿನ್ನ ತುಂಡೂ ನನ್ನ ಹತ್ತಿರವೇ ಇರಲಿ ಎಂದಳು. ನನಗೂ ಒಂದು ಪ್ಯಾಕಿಂಗ್ ಯಂತ್ರಗಳ ಕಾರ್ಖಾನೆಯಲ್ಲಿ ಜಾಗ ಸಿಕ್ಕಿತು.

ಪಾಸಾದದ್ದನ್ನು ಮಧ್ಯಾಹ್ನವೇ ಮನೆಗೆ ತಿಳಿಸಿದ್ದೆ. ಸಂಜೆ ಮನೆಗೆ ಬಂದರೆ ಅಪ್ಪ ಫೋನಿನಲ್ಲಿದ್ದರು. ಯಾರೋ ಊಟಕ್ಕೆ ಕರೆದಿರಬೇಕು, ಎರಡು ವರ್ಷ ಆದಮೇಲೆ ಏನು ಎಂದು ಕೇಳಿರಬೇಕು. ಆಮೇಲಿನದು ಆಮೇಲೆ, ಮೊದಲ ಕೆಲಸ ಪಾಸಾಗಿದ್ದಾಳೆ, ಕೈಯಲ್ಲೇ ಉಜ್ಜಿ ಮಾಡುವಂಥದ್ದು, ನಮ್ಮಂಥವರಿಗೆ ಆಗುವುದಲ್ಲ ಎನ್ನುತ್ತಿದ್ದರು. ಕೇಳಿ ಎದೆ ಉಬ್ಬುವಷ್ಟರಲ್ಲಿ ಮುಂದಿನ ಮಾತೂ ಕೇಳಿಸಿತು: ಆಯುಧಪೂಜೆಗೆ ಇಟ್ಟಿದ್ದೆವಲ್ಲ, ಅದರ ಫಲ. ನಾನು ಚಪ್ಪಲಿ ಬಿಡುವ ಜಾಗದಲ್ಲೇ ನಿಂತೆ. ಪೂಜೆಯಿಂದ ಪಾಸಾಗಲಿಲ್ಲ, ಪೂಜೆಗಿಟ್ಟದ್ದು ಬೇರೆಯೇ ತುಂಡು, ಅದು ಪೂಜೆಯಲ್ಲೇ ಹಾಳಾಯಿತು ಎಂದು ನಾಲ್ಕು ಮಾತಿನಲ್ಲಿ ಆ ವಾದವನ್ನು ನೆಲಕ್ಕೆ ಕೆಡವಬಹುದಿತ್ತು. ಆದರೆ ಅದನ್ನು ಅಲ್ಲಿ ಇಟ್ಟವರು ಯಾರು ಎಂಬ ಐದನೆಯ ಮಾತನ್ನೂ ಹೇಳಬೇಕಾಗುತ್ತಿತ್ತು. ಬದುಕಿನಲ್ಲಿ ಮೊದಲ ಬಾರಿಗೆ, ನನ್ನಲ್ಲಿ ಎಲ್ಲ ಪುರಾವೆಗಳೂ ಇದ್ದು ಎದುರು ಪಕ್ಷದಲ್ಲಿ ಒಂದೂ ಇಲ್ಲದ ವಾದದಲ್ಲಿ ಸೋತು, ಕೈಕಾಲು ತೊಳೆಯಲು ಹೋದೆ.

ಬಚ್ಚಲಲ್ಲಿ ಅಮ್ಮ ಪೂಜೆಗೆ ಹಾಸಿದ್ದ ಬಿಳಿ ಬಟ್ಟೆಗೆ ನಿಂಬೆಹೋಳು ಉಜ್ಜುತ್ತಾ ಕೂತಿದ್ದಳು. ಮೂರು ಸಲ ಒಗೆದರೂ ಹೋಗಲಿಲ್ಲವಂತೆ. ಬಟ್ಟೆಯ ಒಂದು ಕಡೆ ತುಕ್ಕಿನ ಕಲೆ, ನೇರ ಅಂಚುಗಳ ಒಂದು ಪುಟ್ಟ ಚೌಕ. ನಾನು ಬಗ್ಗಿ ನೋಡಿದೆ. ನಾಲ್ಕೂ ಮೂಲೆ ತೊಂಬತ್ತು ಡಿಗ್ರಿ. ಆ ಮೊದಲನೆಯ ತುಂಡು ಸರಿಯಿತ್ತು ಎನ್ನಲು ಜಗತ್ತಿನಲ್ಲಿ ಉಳಿದಿರುವ ಏಕೈಕ ಸಾಕ್ಷಿಯನ್ನು ಅಮ್ಮ ನಿಂಬೆಹಣ್ಣು ಹಾಕಿ ಅಳಿಸುತ್ತಿದ್ದಳು.

"ಅಷ್ಟು ಹಿಂದೆ ಯಾಕೆ ಬಚ್ಚಿಟ್ಟಿದ್ದೆ? ಪಾಪ, ಮುಖ್ಯವಾದದ್ದೇ ಇರಬೇಕು ಅಂತ ನಿಂದಕ್ಕೇ ಎರಡು ಪಟ್ಟು ಹಚ್ಚಿದೆ," ಎಂದಳು ತಲೆಯೆತ್ತದೆ. "ಮುಂದಿನ ವರ್ಷ ಹೇಳಿ ಇಡು. ಒಣ ಕುಂಕುಮ ಹಚ್ತೀನಿ."

ಮುಂದಿನ ವರ್ಷ ಇಡುವ ಪ್ರಶ್ನೆಯೇ ಇಲ್ಲ ಎಂದು ಹೇಳಲು ನನ್ನಲ್ಲಿ ಕನಿಷ್ಠ ಮೂರು ಕಾರಣಗಳಿದ್ದವು, ಮೂರೂ ಗಟ್ಟಿಯಾದವು.

"ಕೆಳಗೆ ಒಂಚೂರು ಎಣ್ಣೆನೂ ಸವರಬೇಕಮ್ಮ," ಎಂದೆ.